ಸಣ್ಣ ಸಾಹಿತ್ಯ ಪತ್ರಿಕೆ: ನೀವು ಕೇಳಿದ್ದು, ನಾವು ಹೇಳುವುದು

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಈ ಸಲ ಒಂದೇ ವಿಷಯಕ್ಕೆ ಹೆಚ್ಚು ಪತ್ರಗಳು ಬಂದಿವೆ: ಊರಿನಲ್ಲೇ ಕೂತು ಸಾಹಿತ್ಯ ಪತ್ರಿಕೆಯೊಂದನ್ನು ತರುವುದು ಹೇಗೆ, ತಂದ ಮೇಲೆ ಉಳಿಸಿಕೊಳ್ಳುವುದು ಹೇಗೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಇಟ್ಟಿದ್ದೇವೆ.

ನಾವು ನಾಲ್ಕು ಜನ ಗೆಳೆಯರು ಸೇರಿ ತ್ರೈಮಾಸಿಕ ತರಬೇಕೆಂದಿದ್ದೇವೆ. ಡೆಮಿ ಅಳತೆ (ಕತ್ತರಿಸಿದ ಮೇಲೆ 5.5×8.5 ಇಂಚು), 64 ಪುಟ. ಸಾವಿರ ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಕಡಿಮೆ ಬೀಳುತ್ತದೆ ಎಂದು ಪ್ರೆಸ್‌ನವರು ಹೇಳುತ್ತಾರೆ. ಎಷ್ಟು ಹಾಕಿಸುವುದು? (ವಿದ್ಯಾನಗರ, ದಾವಣಗೆರೆ)

ಪ್ರೆಸ್‌ನವರ ಮಾತು ಸುಳ್ಳಲ್ಲ. ಪುಟ ಕಟ್ಟುವ ಕೂಲಿ, ಪ್ಲೇಟು (ಪುಟಗಳನ್ನು ಅಚ್ಚೊತ್ತುವ ತಗಡು), ಯಂತ್ರ ಹೊಂದಿಸುವ ಖರ್ಚು ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆಮೇಲೆ ಏರುವುದು ಕಾಗದ ಮತ್ತು ಬೈಂಡಿಂಗ್ ಮಾತ್ರ. ಆದರೆ ಮಾರಾಟವಾಗದೆ ಮಂಚದ ಕೆಳಗೆ ಕೂತ ಪ್ರತಿ ಅಗ್ಗದ್ದಲ್ಲ, ಪೂರಾ ನಷ್ಟದ್ದು. ಆದ್ದರಿಂದ ಕೊಟೇಶನ್ನಿಗೆ ಮೊದಲು ತಲೆ ಎಣಿಸಿ. ಉದಾಹರಣೆಗೆ ಚಂದಾದಾರರು 260, ಬರೆದ 20 ಜನರಿಗೆ ಎರಡೆರಡರಂತೆ 40, ಗ್ರಂಥಾಲಯ ಮತ್ತು ವಿನಿಮಯದ ಪತ್ರಿಕೆಗಳಿಗೆ 30, ಅಂಗಡಿ ಮತ್ತು ಸಭೆಗಳಲ್ಲಿ ಮಾರಲು 70, ಕಡತಕ್ಕೆ 25. ಒಟ್ಟು 425. ನೀವು ಹಾಕಿಸಬೇಕಾದ್ದು 450. ಮುನ್ನೂರಕ್ಕಿಂತ ಕಡಿಮೆ ಇದ್ದರೆ ಆಫ್‌ಸೆಟ್ ಜತೆ ಡಿಜಿಟಲ್ ದರವನ್ನೂ ಕೇಳಿ. ಆ ಅಳತೆಯಲ್ಲಿ ಸಾಮಾನ್ಯವಾಗಿ ಡಿಜಿಟಲ್ಲೇ ಅಗ್ಗ.

64 ಪುಟ ಎಂದು ಆರಿಸಿದ್ದು ಒಳ್ಳೆಯ ನಿರ್ಧಾರ. ಅಚ್ಚಿನಲ್ಲಿ 16 ಪುಟಕ್ಕೆ ಒಂದು ಫಾರಂ, ಹಾಗಾಗಿ 64, 80, 96 ಸಲೀಸಾಗಿ ಕೂರುತ್ತವೆ. 70 ಪುಟ ಮಾಡಿದರೆ ಐದನೆಯ ಫಾರಮ್ಮಿನ ಹತ್ತು ಪುಟದ ಕಾಗದಕ್ಕೆ ಸುಮ್ಮನೆ ದುಡ್ಡು ಕೊಟ್ಟಂತೆ. ಕಾಗದದ ಲೆಕ್ಕವನ್ನು ನೀವೇ ಹಾಕಬಹುದು. 23×36 ಇಂಚಿನ ಡಬಲ್ ಡೆಮಿ ಹಾಳೆ ಒಂದರ ಎರಡೂ ಬದಿಗೆ ಸೇರಿ 32 ಡೆಮಿ ಪುಟ ಬರುತ್ತವೆ. 64 ಪುಟಕ್ಕೆ ಪ್ರತಿಯೊಂದಕ್ಕೆ ಎರಡು ಹಾಳೆ, 450 ಪ್ರತಿಗೆ 900 ಹಾಳೆ. ಯಂತ್ರ ಹೊಂದಿಸುವಾಗ ಹಾಳಾಗುವುದಕ್ಕೆ ಶೇ 8ರಷ್ಟು ಸೇರಿಸಿದರೆ 970ರ ಆಸುಪಾಸು, ಅಂದರೆ ರೀಮಿಗೆ 500 ಹಾಳೆಯಂತೆ ಎರಡು ರೀಮಿನೊಳಗೆ ಕೆಲಸ ಮುಗಿಯುತ್ತದೆ. ಇದೇ ಕೆಲಸಕ್ಕೆ ಮೂರು ರೀಮಿನ ಬಿಲ್ಲು ಬಂದರೆ ಕೇಳುವ ಹಕ್ಕು ನಿಮಗಿದೆ. ಪ್ಲೇಟಿನ ಲೆಕ್ಕ ಯಂತ್ರದ ಅಳತೆಯ ಮೇಲೆ ನಿಂತಿದೆ. ಡಬಲ್ ಡೆಮಿ ಯಂತ್ರವಾದರೆ ಒಳಪುಟಗಳಿಗೆ 4 ಪ್ಲೇಟು, ಸಿಂಗಲ್ ಡೆಮಿಯಾದರೆ 8. ಎರಡು ಪ್ರೆಸ್‌ಗಳ ದರ ಹೋಲಿಸುವಾಗ ಇದನ್ನು ಮೊದಲು ಕೇಳಿಕೊಳ್ಳಿ.

ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಸಾಕು. ಅಚ್ಚಬಿಳಿಗಿಂತ ನ್ಯಾಚುರಲ್ ಶೇಡ್ ಕಣ್ಣಿಗೆ ಹಿತ. ಕೊಳ್ಳುವ ಮುಂಚೆ ಹಾಳೆಯನ್ನು ಅಚ್ಚಾದ ಪುಟದ ಮೇಲಿಟ್ಟು ನೋಡಿ. ಕೆಳಗಿನ ಸಾಲು ಓದಲು ಬರುವಷ್ಟು ಕಂಡರೆ ಆ ಕಾಗದ ಬೇಡ, ಕವಿತೆಯ ಖಾಲಿ ಜಾಗದಲ್ಲಿ ಹಿಂದಿನ ಪುಟದ ನೆರಳು ಬೀಳುತ್ತದೆ. 80 ಜಿಎಸ್‌ಎಂಗೆ ಹೋಗುವ ಮುನ್ನ ತೂಕ ನೋಡಿಕೊಳ್ಳಿ. 5.5×8.5 ಇಂಚಿಗೆ ಕತ್ತರಿಸಿದ 64 ಪುಟ 70 ಜಿಎಸ್‌ಎಂನಲ್ಲಿ ಸುಮಾರು 68 ಗ್ರಾಂ, 220 ಜಿಎಸ್‌ಎಂ ಮುಖಪುಟ 13 ಗ್ರಾಂ, ಲಕೋಟೆ 8 ಗ್ರಾಂ, ಕೂಡಿದರೆ 90ರೊಳಗೆ. ಅದೇ 80 ಜಿಎಸ್‌ಎಂ ಆದರೆ 98 ದಾಟುತ್ತದೆ. ಒಂದು ಅಂಟುಚೀಟಿ, ಒಂದು ಚಂದಾ ನಮೂನೆ ಒಳಗಿಟ್ಟರೆ 100 ಗ್ರಾಂ ಮೀರಿ, ಅಂಚೆ ಖರ್ಚು ಮುಂದಿನ ಹಂತಕ್ಕೆ ಹತ್ತುತ್ತದೆ. ಖಾಲಿ ಕಾಗದದಲ್ಲಿ ಒಂದು ಡಮ್ಮಿ ಕಟ್ಟಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಆಮೇಲೆ ಕಾಗದ ನಿರ್ಧರಿಸಿ.

ಐಎಸ್‌ಎಸ್‌ಎನ್ ತೆಗೆದುಕೊಂಡರೆ ಸಾಲದೇ? ನೋಂದಣಿಯೂ ಬೇಕೇ? (ಹೊಸದುರ್ಗ)

ಎರಡೂ ಬೇರೆ ಬೇರೆ. ಐಎಸ್‌ಎಸ್‌ಎನ್ ಎಂಟು ಅಂಕಿಯ ಗುರುತು ಸಂಖ್ಯೆ, ದೆಹಲಿಯ ರಾಷ್ಟ್ರೀಯ ಕೇಂದ್ರ ಉಚಿತವಾಗಿ ಕೊಡುತ್ತದೆ. ಅದು ಗ್ರಂಥಾಲಯಗಳಿಗೆ ಅನುಕೂಲ, ಪ್ರಕಟಣೆಯ ಪರವಾನಗಿ ಅಲ್ಲ. ನೋಂದಣಿ ಕಾನೂನಿನ ವಿಷಯ. 1867ರ ಹಳೆಯ ಕಾಯ್ದೆ ಹೋಗಿ, 2023ರ ಪತ್ರಿಕಾ ಮತ್ತು ನಿಯತಕಾಲಿಕ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮೊದಲು ಶೀರ್ಷಿಕೆಗೆ ಒಂದು ಅರ್ಜಿ, ಆಮೇಲೆ ಅಧಿಕಾರಿಯ ಮುಂದೆ ಘೋಷಣೆ, ಆಮೇಲೆ ನೋಂದಣಿ ಎಂದು ಅಲೆಯಬೇಕಿತ್ತು. ಈಗ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಶೀರ್ಷಿಕೆಗೂ ನೋಂದಣಿಗೂ ಒಂದೇ ಅರ್ಜಿ. ಜಿಲ್ಲಾಡಳಿತ ಅಭಿಪ್ರಾಯ ಹೇಳಲು 60 ದಿನದ ಅವಧಿ ಇದೆ.

ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಶೀರ್ಷಿಕೆಯಲ್ಲಿ. ದೇಶದ ಯಾವ ಮೂಲೆಯ ಕನ್ನಡ ಪತ್ರಿಕೆಗಾಗಲಿ, ಕರ್ನಾಟಕದ ಬೇರೆ ಯಾವ ಭಾಷೆಯ ಪತ್ರಿಕೆಗಾಗಲಿ ಅದೇ ಹೆಸರು ಅಥವಾ ಹತ್ತಿರದ ಹೆಸರು ಇದ್ದರೆ ನಿಮಗೆ ಸಿಗುವುದಿಲ್ಲ. ‘ಸಂ’ ಎಂದು ಶುರುವಾಗುವ ಚೆಂದದ ಸಂಸ್ಕೃತ ಪದಗಳೆಲ್ಲ ಬಹುಮಟ್ಟಿಗೆ ಮುಗಿದಿವೆ. ನಿಮ್ಮ ಸೀಮೆಯ ಮಾತಿನಿಂದ, ಬೇಸಾಯದ ಪದಗಳಿಂದ ನಾಲ್ಕೈದು ಹೆಸರು ಆರಿಸಿಟ್ಟುಕೊಳ್ಳಿ. ಹೆಸರು ಕೈಗೆ ಬರುವ ತನಕ ಮುಖಪುಟ, ಲೆಟರ್‌ಹೆಡ್ಡು, ರಬ್ಬರ್ ಸ್ಟಾಂಪು ಮಾಡಿಸಬೇಡಿ. ನೋಂದಣಿಯಾದ ಮೇಲೆ ವಾರ್ಷಿಕ ವಿವರಣೆ ಸಲ್ಲಿಸಬೇಕು. ಹೇಳಿದಷ್ಟು ಸಂಚಿಕೆಗಳಲ್ಲಿ ಅರ್ಧವೂ ಹೊರಬಾರದಿದ್ದರೆ ನೋಂದಣಿ ಅಮಾನತಾಗಲು ದಾರಿಯಾಗುತ್ತದೆ. ಮಾಸಿಕವೆಂದು ಬರೆಸಿ ವರ್ಷಕ್ಕೆ ಮೂರು ತರುವ ಬದಲು ತ್ರೈಮಾಸಿಕವೆಂದು ಬರೆಸಿ ನಾಲ್ಕೂ ತನ್ನಿ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಮತ್ತು ಅಚ್ಚಾದ, ಪ್ರಕಟವಾದ ಸ್ಥಳ ಪ್ರತಿ ಸಂಚಿಕೆಯಲ್ಲೂ ಇರಲಿ. ಪ್ರೆಸ್ ಬದಲಿಸಿದಾಗ ಈ ಸಾಲನ್ನು ತಿದ್ದಲು ಮರೆಯುವುದು ಬಹಳ ಸಾಮಾನ್ಯ.

ಲೇಖಕರು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದನ್ನು ಯೂನಿಕೋಡ್‌ಗೆ ತಿರುಗಿಸಿದರೆ ಅಕ್ಷರ ಎಲ್ಲೆಲ್ಲೋ ಹೋಗುತ್ತವೆ. ಮೂರು ಸಲ ಕರಡು ತಿದ್ದಿದರೂ ತಪ್ಪು ಉಳಿಯುತ್ತದೆ. ಏನು ಮಾಡುವುದು? (ಚಿತ್ರದುರ್ಗ, ಇದೇ ಅರ್ಥದ ಪತ್ರ ಹರಿಹರದಿಂದಲೂ)

ಇದು ಉದ್ದಕ್ಕೆ ಉತ್ತರಿಸಬೇಕಾದ ಪ್ರಶ್ನೆ. ಸಣ್ಣ ಪತ್ರಿಕೆಯ ಮರ್ಯಾದೆ ನಿಂತಿರುವುದೇ ಇಲ್ಲಿ. ದೊಡ್ಡ ಪತ್ರಿಕೆಯಲ್ಲಿ ಒಂದು ತಪ್ಪು ಕಂಡರೆ ಓದುಗ ಕಣ್ಣು ಮುಂದೆ ಸರಿಸುತ್ತಾನೆ. ನೀವು ಮೂರು ತಿಂಗಳಿಗೊಮ್ಮೆ ತರುವ 64 ಪುಟದಲ್ಲಿ ಕಂಡರೆ, ಇವರಿಗೆ ಇಷ್ಟನ್ನೂ ನೋಡಿಕೊಳ್ಳಲು ಆಗಲಿಲ್ಲವೇ ಎನ್ನುತ್ತಾನೆ.

ಪರಿವರ್ತಕದಿಂದ ಹೊರಬಂದ ಕಡತದಲ್ಲಿ ಮೊದಲು ಹುಡುಕಬೇಕಾದ್ದು ಎರಡು ವೇಷಧಾರಿಗಳನ್ನು. ಒಂದು, ಅರ್ಕಾವತ್ತಿನ ಜಾಗದಲ್ಲಿ ಕೂತ ಅಂಕಿ ೯. ‘ಸೂರ್ಯ’ ಎಂದಿರಬೇಕಾದ್ದು ‘ಸೂಯ೯’ ಎಂದಿರುತ್ತದೆ. ಅವಸರದಲ್ಲಿ ಓದಿದರೆ ಕಣ್ಣು ಅದನ್ನೇ ಸರಿಯೆಂದು ಒಪ್ಪಿಕೊಂಡುಬಿಡುತ್ತದೆ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕೂತ ಸೊನ್ನೆ ಅಂಕಿ ೦. ‘ಅ೦ಗಡಿ’ ಮತ್ತು ‘ಅಂಗಡಿ’ ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಆದರೆ ಸಾಲಿನ ಕೊನೆಯಲ್ಲಿ ಪದ ತಪ್ಪು ಜಾಗದಲ್ಲಿ ಮುರಿಯಬಹುದು, ನಾಳೆ ಸಂಚಿಕೆಯನ್ನು ಅಂತರ್ಜಾಲಕ್ಕೆ ಹಾಕಿದಾಗ ಹುಡುಕಿದರೆ ಆ ಪದ ಸಿಗುವುದೂ ಇಲ್ಲ. ಎರಡಕ್ಕೂ ‘ಫೈಂಡ್’ನಲ್ಲಿ ಆ ಅಂಕಿಯನ್ನೇ ಕೊಟ್ಟು ಹುಡುಕಿ. ಸೊನ್ನೆಯನ್ನು ಒಟ್ಟಿಗೆ ಅನುಸ್ವಾರಕ್ಕೆ ಬದಲಿಸಬಹುದು. ೯ನ್ನು ಮಾತ್ರ ಒಂದೊಂದಾಗಿ ನೋಡಿ, ಏಕೆಂದರೆ ಅದನ್ನು ತೆಗೆದು, ಅದರ ಹಿಂದಿದ್ದ ಅಕ್ಷರಕ್ಕಿಂತ ಮೊದಲು ‘ರ್’ ಸೇರಿಸಬೇಕು. ಕನ್ನಡ ಅಂಕಿಗಳಲ್ಲೇ ಇಸವಿ ಬರೆಯುವ ಲೇಖಕರಿದ್ದರೆ ಆ ಇಸವಿಗಳನ್ನು ಮೊದಲು ಗುರುತು ಹಾಕಿಟ್ಟುಕೊಳ್ಳಿ.

ಮೂರನೆಯದು ‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಥರದ ಪದಗಳು. ಅರ್ಧಾಕ್ಷರದ ನಂತರ ಬರುವ, ಕಣ್ಣಿಗೆ ಕಾಣದ ತಡೆಗುರುತು ಪರಿವರ್ತನೆಯಲ್ಲಿ ಬಿದ್ದುಹೋದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿಯುತ್ತದೆ, ‘ರಾಜ್ಕುಮಾರ್’ ಆಗುತ್ತದೆ. ಇಂಥ ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಪ್ರತಿ ಸಂಚಿಕೆಗೂ ಬೆಳೆಸುತ್ತಾ ಹೋಗಿ.

ಪುಟ ಕಟ್ಟುವ ತಂತ್ರಾಂಶದ ವಿಷಯ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಅದರಲ್ಲೇ ಕಟ್ಟುವವರಾದರೆ ನುಡಿಯ ಹಳೆಯ ಅಕ್ಷರದಲ್ಲೇ ಕೊನೆಯವರೆಗೂ ಇರಿ, ನಡುವೆ ತಿರುಗಿಸಬೇಡಿ. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತವೆ, ಅದು ಕಡತದ ತಪ್ಪಲ್ಲ. ಅಕ್ಷರ 11.5 ಪಾಯಿಂಟ್ ಇದ್ದರೆ ಸಾಲಿನ ಅಂತರ 16.5ಕ್ಕೆ ಕಡಿಮೆ ಬೇಡ. ‘ರಾಷ್ಟ್ರ’, ‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳು ಕೆಳಗಿಳಿದು, ಮುಂದಿನ ಸಾಲಿನ ‘ಕೀ’, ‘ಧಿ’ಗಳ ಗುಡಿಸಿಗೆ ತಾಗುತ್ತವೆ. ಕನ್ನಡದ ಪದಗಳು ಉದ್ದ. ಡೆಮಿ ಪುಟದಲ್ಲಿ ಎರಡು ಕಾಲಂ ಮಾಡಿ ಎರಡೂ ಅಂಚು ಸರಿ ಮಾಡಿದರೆ ಪದಗಳ ನಡುವೆ ಹಳ್ಳ ಬೀಳುತ್ತದೆ. ಒಂದೇ ಕಾಲಂ ಇಡಿ.

ಇನ್ನು ಕರಡು. ಮೂರು ಸಲವೂ ಒಬ್ಬರೇ, ಒಂದೇ ಥರ ಓದಿದರೆ ಅದು ಒಂದೇ ಸಲ ಓದಿದ ಹಾಗೆ. ಮೊದಲ ಸಲ ಇಬ್ಬರು ಕೂರಿ. ಒಬ್ಬರು ಮೂಲ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಬರಲಿ. ಬಿಟ್ಟುಹೋದ ಸಾಲು ಸಿಗುವುದು ಹೀಗೆ ಮಾತ್ರ. ಎರಡನೆಯ ಸಲ ಒಬ್ಬರೇ, ಅರ್ಥಕ್ಕಾಗಿ ಅಲ್ಲ, ಅಕ್ಷರಕ್ಕಾಗಿ: ಶ, ಷ, ಸ, ಲ, ಳ, ನ, ಣ, ಅಕಾರ, ಹಕಾರ, ಹ್ರಸ್ವ, ದೀರ್ಘ. ಮೂರನೆಯ ಸಲ ತಿದ್ದಿದ ಜಾಗಗಳನ್ನು ಮತ್ತು ಅವುಗಳ ಮೇಲೆ ಕೆಳಗೆ ಮೂರು ಮೂರು ಸಾಲನ್ನು ನೋಡಿ. ಒಂದು ಪದ ಸೇರಿಸಿದರೆ ಸಾಲು ಸರಿದು ಇನ್ನೊಂದು ಕಡೆ ತಪ್ಪು ಹುಟ್ಟುತ್ತದೆ. ಇದೆಲ್ಲ ಮುಗಿದ ಮೇಲೆ ದೊಡ್ಡ ಅಕ್ಷರಗಳನ್ನು ಮಾತ್ರ ನೋಡಲು ಒಂದು ಸುತ್ತು: ಮುಖಪುಟ, ಶೀರ್ಷಿಕೆ, ಲೇಖಕರ ಹೆಸರು, ಪರಿವಿಡಿಯ ಪುಟಸಂಖ್ಯೆ. ಕಣ್ಣು ಸಣ್ಣದರಲ್ಲಿ ತಪ್ಪು ಹುಡುಕುತ್ತಾ ದೊಡ್ಡದನ್ನು ನಂಬಿಬಿಡುತ್ತದೆ. ಪ್ಲೇಟಿಗೆ ಹೋಗುವ ಪಿಡಿಎಫ್ ಅನ್ನೇ ಮುದ್ರಿಸಿ ನೋಡಿ, ವರ್ಡ್ ಕಡತವನ್ನಲ್ಲ.

ಕವಿತೆಗೆ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕವಿತೆಯ ಸಾಲುಗಳು ಮೊಬೈಲಿನ ಅಗಲಕ್ಕೆ ಮುರಿದಿರುತ್ತವೆ, ಕವಿ ಮುರಿದದ್ದು ಯಾವುದು, ಯಂತ್ರ ಮುರಿದದ್ದು ಯಾವುದು ಗೊತ್ತಾಗುವುದಿಲ್ಲ. ಕೈಬರಹದ ಒಂದು ಫೋಟೋ ಜತೆಗೆ ತರಿಸಿಕೊಳ್ಳಿ. ಕೈಯಲ್ಲೇ ಬರೆದು ಅಂಚೆಯಲ್ಲಿ ಕಳಿಸುವವರನ್ನು ದಯವಿಟ್ಟು ಟೈಪ್ ಮಾಡಿ ಕಳಿಸಿ ಎಂದು ದೂರ ಮಾಡಬೇಡಿ. ಜಗಳೂರು, ಮೊಳಕಾಲ್ಮೂರಿನ ಹಳ್ಳಿಗಳಿಂದ ಬರುವ ಒಳ್ಳೆಯ ಗದ್ಯ ಈಗಲೂ ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲೇ ಬರುತ್ತದೆ.

ವಿಶೇಷಾಂಕ 112 ಪುಟ ಮಾಡಿಸಿದೆವು. ಎರಡು ಸಲ ತೆರೆದರೆ ಹಾಳೆ ಕೈಗೆ ಬರುತ್ತಿದೆ. (ಹೊಳಲ್ಕೆರೆ)

ಬರೀ ಅಂಟಿನಲ್ಲಿ ಬೈಂಡ್ ಮಾಡಿಸಿದ್ದೀರಿ. ಕಾಗದದ ನಾರು ಬೆನ್ನಿಗೆ ಅಡ್ಡವಾಗಿದ್ದಿರಬಹುದು, ಬೆನ್ನನ್ನು ಸಾಕಷ್ಟು ಒರಟು ಮಾಡದೆ ಅಂಟು ಹಾಕಿರಬಹುದು, ಇಲ್ಲವೇ ನಡುವೆ ಆರ್ಟ್ ಪೇಪರಿನ ಚಿತ್ರಪುಟ ಸೇರಿಸಿರಬಹುದು. ನುಣುಪು ಕಾಗದಕ್ಕೆ ಅಂಟು ಹಿಡಿಯುವುದಿಲ್ಲ. ನಾರು ತಿಳಿಯಲು ಹಾಳೆಯನ್ನು ಎರಡೂ ದಿಕ್ಕಿಗೆ ಹರಿದು ನೋಡಿ, ನೇರವಾಗಿ ಹರಿಯುವ ದಿಕ್ಕೇ ನಾರಿನ ದಿಕ್ಕು. ಅದು ಬೆನ್ನಿನ ಉದ್ದಕ್ಕೆ ಇರಬೇಕು. 64 ಪುಟದವರೆಗೆ ನಡುಪಿನ್ನು ಸಾಕು, ನೂರು ದಾಟಿದರೆ ಫಾರಂ ಹೊಲಿಸಿ ಆಮೇಲೆ ಅಂಟು ಹಾಕಿಸಿ. ಸ್ವಲ್ಪ ಹೆಚ್ಚು ಬೀಳುತ್ತದೆ, ಇಪ್ಪತ್ತು ವರ್ಷ ಬಾಳುತ್ತದೆ.

ಆಜೀವ ಚಂದಾ 2000 ರೂ. ಇಟ್ಟರೆ ಒಂದೇ ಸಲ ಬಂಡವಾಳ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಮಾಡಬಹುದೇ? (ಹರಿಹರ)

ಬೇಡ. ಸಂಚಿಕೆಗೆ 60 ರೂ. ಹಿಡಿದರೆ ಒಬ್ಬರಿಗೆ ವರ್ಷಕ್ಕೆ 240 ರೂ. ಎಂಟೂಕಾಲು ವರ್ಷಕ್ಕೆ ಆ 2000 ತೀರುತ್ತದೆ, ಅದೂ ಕಾಗದ ಮತ್ತು ಅಂಚೆಯ ದರ ಇಂದಿನಂತೆಯೇ ಇದ್ದರೆ. ಠೇವಣಿ ಇಟ್ಟು ಬಡ್ಡಿಯಲ್ಲಿ ನಡೆಸುತ್ತೇವೆ ಎಂದರೆ ಶೇ 6ರಂತೆ ವರ್ಷಕ್ಕೆ 120 ರೂ., ಎರಡು ಸಂಚಿಕೆಗೆ ಸರಿ. ಬಡ್ಡಿಯಲ್ಲೇ ನಾಲ್ಕೂ ಬರಬೇಕಾದರೆ 4000 ಇಡಿಸಿಕೊಳ್ಳಬೇಕು, ಮತ್ತು ಅಸಲು ಮುಟ್ಟಬಾರದು. ಮೊದಲ ಎರಡು ಸಂಚಿಕೆಯ ಪ್ರೆಸ್ ಬಿಲ್ಲಿಗೆ ಅಸಲನ್ನೇ ತೆಗೆಯುವುದು, ಆಮೇಲೆ ದುಡ್ಡು ಕೊಡದ ನೂರಾರು ಜನರಿಗೆ ಬದುಕಿರುವಷ್ಟು ಕಾಲ ಕಳಿಸುವ ಹೊರೆ ಹೊರುವುದು, ಎಷ್ಟೋ ಪತ್ರಿಕೆಗಳು ಈ ದಾರಿಯಲ್ಲೇ ಕುಸಿದಿವೆ. ಒಂದು ವರ್ಷ, ಎರಡು ವರ್ಷದ ಚಂದಾ ಮಾತ್ರ ಇಡಿ. ಅಭಿಮಾನದಿಂದ ದೊಡ್ಡ ಮೊತ್ತ ಕೊಡುವವರಿದ್ದರೆ ಅದನ್ನು ದೇಣಿಗೆಯೆಂದೇ ಬರೆದು ರಸೀದಿ ಕೊಡಿ.

ಚಂದಾ ಪುಸ್ತಕದಲ್ಲಿ ಮುಗಿಯುವ ದಿನಾಂಕ ಬರೆಯಬೇಡಿ, ಮುಗಿಯುವ ಸಂಚಿಕೆಯ ಸಂಖ್ಯೆ ಬರೆಯಿರಿ. ಸಂಚಿಕೆ ತಡವಾದರೂ ಲೆಕ್ಕ ಕೆಡುವುದಿಲ್ಲ. ಅದೇ ಸಂಖ್ಯೆ ವಿಳಾಸದ ಚೀಟಿಯ ಮೂಲೆಯಲ್ಲೂ ಇರಲಿ: ‘ನಿಮ್ಮ ಚಂದಾ 12ನೇ ಸಂಚಿಕೆಯವರೆಗೆ’. 11ನೆಯದು ಕೈಗೆ ಬಂದಾಗಲೇ ಓದುಗರಿಗೆ ತಾವಾಗಿ ತಿಳಿಯುತ್ತದೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ದುಡ್ಡು ಹಾಕಿ ವಿಳಾಸ ಕಳಿಸದವರು ಪ್ರತಿ ತಿಂಗಳೂ ಇರುತ್ತಾರೆ. ದುಡ್ಡು ಬಂದ ದಿನವೇ ಫೋನ್ ಮಾಡಿ ವಿಳಾಸ ಕೇಳಿ, ವಾರ ಕಳೆದರೆ ಅದು ಯಾರದೆಂದು ಪತ್ತೆಯಾಗುವುದು ಕಷ್ಟ. ಪತ್ರಿಕೆಯ ದುಡ್ಡಿಗೆ ಬೇರೆ ಖಾತೆಯೇ ಇರಬೇಕು.

ನೂರು ಪ್ರತಿ ಅಂಚೆಗೆ ಹಾಕಿದರೆ ಹತ್ತು ಹದಿನೈದು ತಲುಪುವುದೇ ಇಲ್ಲ. (ಜಗಳೂರು)

ತಲುಪದ ಪ್ರತಿಗಳ ವಿಳಾಸವನ್ನು ಒಂದೆಡೆ ಬರೆದು ನೋಡಿ, ಹೆಚ್ಚಿನವು ಹಳ್ಳಿಯ ವಿಳಾಸವೇ ಆಗಿರುತ್ತವೆ. ಬಸಾಪುರ, ರಾಮಪುರ, ಹೊಸಹಳ್ಳಿ ಎಂಬ ಹೆಸರು ಒಂದೊಂದು ತಾಲ್ಲೂಕಿಗೂ ಇವೆ. ಹಳ್ಳಿ, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್ ಐದೂ ಬೇಕು, ಜತೆಗೆ ಫೋನ್ ಸಂಖ್ಯೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾದರೂ ಜಗಳೂರಿನ ಕೆಲವರು ಹಳೆಯ ರೂಢಿಯಲ್ಲಿ ಚಿತ್ರದುರ್ಗ ಜಿಲ್ಲೆ ಎಂದೇ ಬರೆಸುತ್ತಾರೆ, ತಿದ್ದಿಕೊಳ್ಳಿ. ಕಂತೆಗಳನ್ನು ಪಿನ್ ಪ್ರಕಾರ ಜೋಡಿಸಿ, 577001 ಒಂದು ಕಟ್ಟು, 577501 ಒಂದು ಕಟ್ಟು ಎಂದು ಕೊಟ್ಟರೆ ಕೌಂಟರಿನವರ ಕೆಲಸವೂ ಹಗುರ.

ಪತ್ರಿಕೆಗಳಿಗೆ ಇರುವ ಅತಿ ಅಗ್ಗದ ಅಂಚೆ ದರ ತ್ರೈಮಾಸಿಕಕ್ಕೆ ದಕ್ಕದು, ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದೆಂಬುದು ಮೊದಲಿನಿಂದ ಬಂದ ಷರತ್ತು. 2025ರ ಮೇ 1ರಿಂದ ಬಂದ ‘ಜ್ಞಾನ ಪೋಸ್ಟ್’ (300 ಗ್ರಾಂಗೆ 20 ರೂ., 5 ಕೆ.ಜಿ.ಗೆ 100 ರೂ., ತೆರಿಗೆ ಬೇರೆ) ಪುಸ್ತಕಗಳಿಗೆಂದು ಇರುವುದು, ಜಾಹೀರಾತು ಇದ್ದರೆ ತೆಗೆದುಕೊಳ್ಳುವುದಿಲ್ಲ. ಅದನ್ನು ನಂಬಿ ಪತ್ರಿಕೆಯ ಬಜೆಟ್ ಹಾಕಬೇಡಿ. ವರ್ಷದ ಕತೆಗಳನ್ನು ಕೂಡಿಸಿ ಪುಸ್ತಕ ಮಾಡಿದಾಗ ಬಳಸಿ. ಒಂದೇ ಊರಿನಲ್ಲಿ ಹತ್ತಕ್ಕಿಂತ ಹೆಚ್ಚು ಚಂದಾದಾರರಿದ್ದರೆ ಬಸ್ಸಿನ ಪಾರ್ಸಲ್ಲಿನಲ್ಲಿ ಒಂದೇ ಕಟ್ಟು ಕಳಿಸಿ, ಅಲ್ಲಿನ ಒಬ್ಬ ಓದುಗರೋ ಪುಸ್ತಕದಂಗಡಿಯವರೋ ಹಂಚಲಿ. ಅವರಿಗೆ ಚಂದಾ ಉಚಿತ ಮಾಡಿ.

ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಲ್ಲಿ ಹಾಡುವ ಜುಂಜಪ್ಪನ ಪದ, ಗಾದ್ರಿಪಾಲನ ಪದಗಳನ್ನು ಪ್ರಕಟಿಸುವ ಆಸೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೇನೆ. ಹೇಗೆ ಅಣಿಮಾಡಬೇಕು? (ಪ್ರೌಢಶಾಲಾ ಶಿಕ್ಷಕಿ, ಚಳ್ಳಕೆರೆ)

ಮೇಡಂ, ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಬೆಂಗಳೂರಿನ ಪತ್ರಿಕೆಗೆ ಸುಲಭಕ್ಕೆ ಸಿಗದ್ದು ಇದು. ದುರ್ಗದ ಸೀಮೆಯ ಪತ್ರಿಕೆ ಇರಬೇಕಾದ್ದೇ ಇಂಥದಕ್ಕೆ.

ಮೊದಲು ಒಪ್ಪಿಗೆ. ರೆಕಾರ್ಡ್ ಮಾಡಲು ಒಪ್ಪಿದವರು ಅಚ್ಚು ಹಾಕಲು ಒಪ್ಪಿದ್ದಾರೆ ಎಂದಲ್ಲ. ದೇವರ ಪದಗಳಲ್ಲಿ ಕೆಲವು ಹೊತ್ತಲ್ಲದ ಹೊತ್ತಿನಲ್ಲಿ, ಹಟ್ಟಿಯ ಹೊರಗೆ ಹಾಡಬಾರದವು ಇರಬಹುದು. ಹಾಡಿದವರನ್ನೂ ಹಟ್ಟಿಯ ಹಿರಿಯರನ್ನೂ ಬೇರೆ ಬೇರೆಯಾಗಿ ಕೇಳಿ, ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳಿ. ಬೇಡವೆಂದ ಭಾಗವನ್ನು ಬಿಟ್ಟುಬಿಡಿ.

ಬರೆದುಕೊಳ್ಳುವಾಗ ಕೇಳಿದ್ದನ್ನು ಬರೆಯಿರಿ, ನಿಮಗೆ ಗೊತ್ತಿರುವ ವ್ಯಾಕರಣವನ್ನಲ್ಲ. ‘ಐತೆ’ ಎಂದರೆ ‘ಐತೆ’, ‘ಇದೆ’ ಅಲ್ಲ. ಅದೇ ಹಾಡುಗಾರರು ಒಮ್ಮೆ ‘ಬಂದವ್ನೆ’, ಇನ್ನೊಮ್ಮೆ ‘ಬಂದಾನೆ’ ಎಂದರೆ ಎರಡೂ ಹಾಗೇ ಇರಲಿ. ಸೊಲ್ಲು ಮರುಕಳಿಸುವ ಕಡೆ ಮೊದಲ ಸಲ ಪೂರ್ತಿ ಬರೆದು, ಆಮೇಲೆ ಒಂದು ಗುರುತು ಹಾಕಿ, ಆದರೆ ತೆಗೆದುಹಾಕಬೇಡಿ. ಎಷ್ಟು ಸಾಲಿಗೊಮ್ಮೆ ಸೊಲ್ಲು ಬರುತ್ತದೆ ಎಂಬುದೇ ಹಾಡಿನ ನಡಿಗೆ. ಜುಂಜಪ್ಪನ ಪದದ ನಡುವೆ ಗಣೆ (ಉದ್ದನೆಯ ಬಿದಿರಿನ ಕೊಳಲು) ಊದುವ ಜಾಗಗಳನ್ನು ಆವರಣದಲ್ಲಿ ‘ಗಣೆ’ ಎಂದು ಗುರುತಿಸಿ. ಕೇಳಿಸದ ಪದಕ್ಕೆ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ. ಪುಟದ ಕೆಳಗೆ ಕಷ್ಟದ ಪದಗಳ ಅರ್ಥ, ಅದೂ ಹಾಡುಗಾರರು ಹೇಳಿದ ಅರ್ಥ.

ಅಚ್ಚಿಗೆ ಕೊಡುವ ಮುನ್ನ ಅವರ ಮುಂದೆ ಕೂತು ಓದಿ ಹೇಳಿ. ಎರಡು ಸಾಲು ಹೆಚ್ಚು ಬರುವುದೂ ಉಂಟು. ಪ್ರಕಟಿಸುವಾಗ ‘ಹಾಡಿದವರು’ ಎಂದು ಅವರ ಹೆಸರು ಶೀರ್ಷಿಕೆಯ ಕೆಳಗೆ ದೊಡ್ಡದಾಗಿ, ‘ಬರೆದುಕೊಂಡವರು’ ಎಂದು ನಿಮ್ಮದು ಅದರ ಕೆಳಗೆ. ಹಟ್ಟಿ, ದಿನಾಂಕ, ಸಂದರ್ಭ ಕೊನೆಯಲ್ಲಿ. ಲೇಖಕರಿಗೆ ಗೌರವಧನ ಕೊಡುವ ಪತ್ರಿಕೆಯಾದರೆ ಅದು ಹಾಡಿದವರಿಗೆ ಸಲ್ಲಬೇಕು. ರೆಕಾರ್ಡನ್ನು ಮೊಬೈಲಿನಲ್ಲಷ್ಟೇ ಬಿಡಬೇಡಿ, ಇಂದೇ ಎರಡು ಕಡೆ ನಕಲು ಮಾಡಿ ಇಡಿ.

ತ.ರಾ.ಸು. ಅವರ ಹಳೆಯ ಲೇಖನವೊಂದನ್ನು ಮರುಮುದ್ರಿಸಬಹುದೇ? ನಮ್ಮ ಊರಿನ ಲೇಖಕರೇ ಅಲ್ಲವೇ? (ಚಿತ್ರದುರ್ಗ)

ಅಭಿಮಾನ ಸರಿ, ಅನುಮತಿ ಬೇಕು. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ, ಆದ್ದರಿಂದ 2044ರ ಕೊನೆಯವರೆಗೆ ವಾರಸುದಾರರ ಲಿಖಿತ ಒಪ್ಪಿಗೆ ಪಡೆಯಿರಿ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಬರಹವಾದರೆ 2007ರಿಂದಲೇ ಮುಕ್ತ. ಅನುವಾದಕ್ಕೂ ಇದೇ ನಿಯಮ. ಅನುವಾದಕರ ಒಪ್ಪಿಗೆ ಸಾಲದು, ಮೂಲ ಲೇಖಕರದ್ದೂ ಬೇಕು. ನಿಮ್ಮ ಪತ್ರಿಕೆಯಲ್ಲಿ ಬಂದ ಕತೆಯ ಹಕ್ಕು ಕತೆಗಾರರದ್ದೇ ಆಗಿ ಉಳಿಯುತ್ತದೆ. ಮುಂದೆ ಸಂಕಲನ ಮಾಡುವ ಯೋಚನೆ ಇದ್ದರೆ ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ಚಿಕ್ಕ ಊರು. ಕವಿತೆ ತಿರಸ್ಕರಿಸಿದರೆ ಮರುದಿನ ಜಯದೇವ ವೃತ್ತದಲ್ಲಿ ಅವರೇ ಎದುರಾಗುತ್ತಾರೆ. ಅವರು ನಮ್ಮ ಗುರುಗಳೂ ಹೌದು. (ದಾವಣಗೆರೆ)

ಸಂಪಾದಕರ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಬಂದ ಬರಹಗಳಿಂದ ಹೆಸರು ತೆಗೆದು, ಸಂಖ್ಯೆ ಹಾಕಿ, ಇಬ್ಬರಿಗೆ ಓದಲು ಕೊಡಿ. ಅವರಲ್ಲಿ ಒಬ್ಬರು ಬೇರೆ ಊರಿನವರಿರಲಿ. ಇಬ್ಬರೂ ಬೇಡವೆಂದದ್ದು ಬೇಡ. ಆರು ವಾರದೊಳಗೆ ಉತ್ತರ ಹೋಗಲಿ, ತಿರಸ್ಕಾರಕ್ಕಿಂತ ಹೆಚ್ಚು ನೋಯಿಸುವುದು ಮೌನ. ‘ಈ ಸಂಚಿಕೆಗೆ ಇದು ಹೊಂದಿಕೊಳ್ಳಲಿಲ್ಲ, ಮತ್ತೊಂದು ಕಳಿಸಿ’ ಎಂದಷ್ಟೇ ಬರೆಯಿರಿ. ಮತ್ತೊಂದು ಬೇಡವಾಗಿದ್ದರೆ ಎರಡನೆಯ ಮಾತು ಬರೆಯಬೇಡಿ. ಗುರುಗಳಾದರೆ ಪತ್ರ ಬೇಡ, ಮನೆಗೆ ಹೋಗಿ ಹೇಳಿ. ಮತ್ತು ಅವರಿಂದ ಬೇರೊಂದನ್ನು ಕೇಳಿ ಪಡೆಯಿರಿ: ಅವರು ಕಂಡ 1992ರ ದಾವಣಗೆರೆ ಸಾಹಿತ್ಯ ಸಮ್ಮೇಳನದ ನೆನಪು, ಹಳೆಯ ಮಂಡಿಪೇಟೆಯ ಚಿತ್ರ, ಅವರ ಶಾಲೆಯ ದಿನಗಳು. ಪತ್ರಿಕೆಗಳಿಗೆ ಕವಿತೆ ಹೊಳೆಯಾಗಿ ಬರುತ್ತದೆ, ಒಳ್ಳೆಯ ಗದ್ಯ ಬೇಡಿದರೆ ಮಾತ್ರ ಬರುತ್ತದೆ.

ಒಪ್ಪಿಕೊಂಡ ಬರಹವನ್ನು ತಿದ್ದಿದರೆ ತಿದ್ದಿದ್ದು ಕಾಣುವಂತೆ ಕಳಿಸಿ ಒಪ್ಪಿಗೆ ಪಡೆಯಿರಿ. ಕತೆಯ ಕೊನೆಯ ಎರಡು ಪ್ಯಾರಾ ತೆಗೆದರೆ ಕತೆ ನಿಲ್ಲುತ್ತದೆ ಎಂದು ನಿಮಗೆ ಖಚಿತವಿದ್ದರೂ ಹೇಳದೆ ತೆಗೆಯಬೇಡಿ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಯಲ್ಲಿ ಹೊಸ ಕತೆಗಾರರು ಕಲಿಯುವಷ್ಟನ್ನು ಯಾವ ಕಮ್ಮಟವೂ ಕಲಿಸದು.

ಹನ್ನೆರಡು ಸಂಚಿಕೆ ತಂದಿದ್ದೇವೆ, 280 ಚಂದಾದಾರರು. ಪ್ರತಿ ಸಂಚಿಕೆಗೂ ಕೈಯಿಂದ ಆರು ಸಾವಿರ ಹೋಗುತ್ತಿದೆ. ನಿಲ್ಲಿಸುವುದೇ ಸರಿಯೇ? (ಪಿ.ಜೆ. ಬಡಾವಣೆ, ದಾವಣಗೆರೆ)

ನಿಲ್ಲಿಸುವ ಸ್ಥಿತಿ ನಿಮ್ಮದಲ್ಲ. ಆರು ಸಾವಿರವನ್ನು 280ಕ್ಕೆ ಹಂಚಿ, ಒಬ್ಬರಿಗೆ ಸಂಚಿಕೆಗೆ 21 ರೂ. 50 ಪೈಸೆಯೊಳಗೆ, ವರ್ಷಕ್ಕೆ 86 ರೂ. ನಿಮ್ಮ ಚಂದಾ ಅಷ್ಟು ಕಡಿಮೆ ಇದೆ ಎಂದಷ್ಟೇ ಅರ್ಥ. ಮುಂದಿನ ಸಂಚಿಕೆಯಲ್ಲಿ ಖರ್ಚಿನ ಲೆಕ್ಕವನ್ನು ಅರ್ಧ ಪುಟದಲ್ಲಿ ಅಚ್ಚು ಹಾಕಿ, ವಾರ್ಷಿಕ ಚಂದಾವನ್ನು ನೂರು ರೂಪಾಯಿ ಏರಿಸಿ. ಕೆಲವರು ಬಿಡುತ್ತಾರೆ, ಅವರ ಪ್ರತಿಯ ಕಾಗದ ಮತ್ತು ಅಂಚೆಯೂ ಉಳಿಯುತ್ತದೆ. ಅಂಗಡಿಗಳಿಗೆ ಶೇ 35 ಬಿಟ್ಟು ಕೊಟ್ಟ ಪ್ರತಿಗಳ ಬಾಕಿಯನ್ನೂ ಒಮ್ಮೆ ಕೂತು ವಸೂಲು ಮಾಡಿ. ಜಾಹೀರಾತು ಹಿಂಬದಿ ರಕ್ಷಾಪುಟ ಮತ್ತು ಎರಡು ಒಳಬದಿಗೆ ಸಾಕು, ದುಡ್ಡು ಅಚ್ಚಿಗೆ ಮುಂಚೆ ಬರಲಿ.

ನಿಮ್ಮ ಪತ್ರದಲ್ಲಿ ನೀವೇ ಗಮನಿಸದೆ ಬರೆದ ಒಂದು ವಾಕ್ಯ ನಮ್ಮ ಕಣ್ಣಿಗೆ ಬಿತ್ತು: ಕಳೆದ ವರ್ಷದ ಚಂದಾದಾರರಲ್ಲಿ 210 ಜನ ಈ ವರ್ಷ ನವೀಕರಿಸಿದ್ದಾರೆ. ಪತ್ರಿಕೆಯ ಆರೋಗ್ಯ ನೋಡುವ ನಾಡಿ ಅದೇ. ಮೊದಲ ಕತೆ ನಿಮ್ಮಲ್ಲಿ ಅಚ್ಚಾದವರು ಎರಡನೆಯದನ್ನೂ ನಿಮಗೇ ಕಳಿಸುತ್ತಿದ್ದರೆ, ಕಳೆದ ಸಂಚಿಕೆಯ ಲೇಖನಕ್ಕೆ ಒಪ್ಪದೆ ಯಾರಾದರೂ ಮೂರು ಪುಟ ಬರೆದು ಕಳಿಸಿದ್ದರೆ, ನೀವು ದುಡಿದದ್ದಕ್ಕೆ ಸಿಗುವ ಸಂಬಳ ಅದು. ಧಾರವಾಡದಿಂದ 1964ರಲ್ಲಿ ‘ಸಂಕ್ರಮಣ’ ಹೊರಟಾಗಲೂ, 1962ರಲ್ಲಿ ಗೋಪಾಲಕೃಷ್ಣ ಅಡಿಗರು ‘ಸಾಕ್ಷಿ’ ತಂದಾಗಲೂ ಅವು ಸಣ್ಣ ಪತ್ರಿಕೆಗಳೇ. ನವ್ಯದ ಚರಿತ್ರೆ ಬರೆಯುವವರು ಇಂದಿಗೂ ಅವುಗಳ ಹಳೆಯ ಸಂಚಿಕೆ ಹುಡುಕಿಕೊಂಡು ಹೋಗುತ್ತಾರೆ.

ಹಾಗಿದ್ದೂ ದಣಿವು ನಿಜವಾದದ್ದೇ ಆದರೆ, ಮೊದಲು ವರ್ಷಕ್ಕೆ ಎರಡು ಸಂಚಿಕೆಗೆ ಇಳಿಸಿ, ಆ ಬದಲಾವಣೆಯನ್ನು ನೋಂದಣಿಯಲ್ಲೂ ಮಾಡಿಸಿ. ನಿಲ್ಲಿಸಲೇಬೇಕೆಂದಾದರೆ ಮೂರು ಸಂಚಿಕೆ ಮುಂಚೆಯೇ ಹೊಸ ಚಂದಾ ತೆಗೆದುಕೊಳ್ಳುವುದನ್ನು ಬಿಡಿ, ಉಳಿದ ಚಂದಾ ಹಣವನ್ನು ಹಿಂದಿರುಗಿಸಿ. ಕೊನೆಯ ಸಂಚಿಕೆಯಲ್ಲಿ ಎಲ್ಲ ಸಂಚಿಕೆಗಳ ಲೇಖಕರ ಅಕಾರಾದಿ ಸೂಚಿ ಇರಲಿ. ಪೂರ್ಣ ಸೆಟ್ಟನ್ನು ಎರಡೆರಡು ಸಂಪುಟವಾಗಿ ಹೊಲಿಸಿ ದಾವಣಗೆರೆ ವಿಶ್ವವಿದ್ಯಾನಿಲಯದ ಗ್ರಂಥಾಲಯ, ಎರಡೂ ಜಿಲ್ಲೆಗಳ ಕೇಂದ್ರ ಗ್ರಂಥಾಲಯ, ಬೆಂಗಳೂರಿನ ಕನ್ನಡ ಸಾಹಿತ್ಯ ಪರಿಷತ್ತಿಗೆ ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ಪುಟ ಕಟ್ಟಿದ ಮೂಲ ಕಡತಗಳನ್ನು ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಬಿಡದೆ, ಬಳಸಿದ ಅಕ್ಷರ ಕಡತಗಳ ಸಮೇತ ನಿಮ್ಮ ಬಳಿ ಇಟ್ಟುಕೊಳ್ಳಿ.